ಮೂರು ಕಾಲೇಜು, ನಾಲ್ಕು ಹೊಲ

ಮಹಾಯುದ್ಧ ಮುಗಿದ ಮರುವರ್ಷ, ಸರ್ಕಾರಿ ಕಾಗದಗಳ ಲೆಕ್ಕದಲ್ಲಿ ಫಸಲಿ ೧೩೫೫ರಲ್ಲಿ, ನಾನು ಶಹಾಪುರದ ಸರ್ಕಾರಿ ವಸ್ತಾನಿಯಾ ಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ವಸ್ತಾನಿಯಾ ಎಂದರೆ ಮಾಧ್ಯಮಿಕ ಶಾಲೆ. ಪಾಠದ ಜೊತೆಗೆ ಇನ್ನೊಂದು ಕೆಲಸವೂ ನನಗೆ ಗಂಟುಬಿದ್ದಿತ್ತು. ಕಾಲೇಜು ಓದುವವರಿಗೆ ನಿಜಾಮ ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ ವಜೀಫಾ ಎನ್ನುತ್ತಿದ್ದರು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳಿಂದ ವಜೀಫಾ ಕೇಳಿ ಬಂದ ಅರ್ಜಿಗಳ ತಹಕೀಕಾತ್ ಮಾಡಿ, ಅಂದರೆ ಊರಿಗೆ ಹೋಗಿ ವಿಚಾರಿಸಿ, ಗುಲಬರ್ಗಾದ ನಾಜಿರ್ ಸಾಹೇಬರಿಗೆ ವರದಿ ಕಳಿಸಬೇಕಿತ್ತು. ನಾಜಿರ್ ಎಂದರೆ ಶಾಲಾ ಇನ್‌ಸ್ಪೆಕ್ಟರ್. ನಾನು ಹೈದರಾಬಾದಿನಲ್ಲಿ ಬಿ.ಎ. ಮಾಡಿದ್ದೆ, ಉರ್ದು, ಇಂಗ್ಲಿಷ್ ಎರಡನ್ನೂ ಓದಬಲ್ಲೆ, ಲೆಕ್ಕ ಬರುತ್ತದೆ ಎಂಬ ಕಾರಣಕ್ಕೆ ಈ ಹೊರೆ ನನ್ನ ತಲೆಗೆ ಬಂದಿತ್ತು.

ಆ ಕೆಲಸ ನನ್ನ ಸ್ವಭಾವವನ್ನೇ ತಿರುಗಿಸಿಬಿಟ್ಟಿತು. ಎರಡು ಬಾವಿ, ಒಂದು ಮಾವಿನ ತೋಪು ಇದ್ದವನು ತಾನು ಕೂಲಿಯವನೆಂದು ಬರೆಸುತ್ತಿದ್ದ. ಮಗನ ವಯಸ್ಸಿನಲ್ಲಿ ಮೂರು ವರ್ಷ ಕಡಿಮೆ ಮಾಡಿಸಿ ಪಟವಾರಿಯ, ಅಂದರೆ ಊರ ಶಾನುಭೋಗರ, ಸಹಿ ತರುತ್ತಿದ್ದರು. ಒಬ್ಬರಂತೂ ಹುಟ್ಟದೇ ಇದ್ದ ಮಗನ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ಮೂರು ವರ್ಷ ಇಂಥದ್ದನ್ನೇ ನೋಡಿದ ಮೇಲೆ, ಕಾಗದದಲ್ಲಿ ಒಳ್ಳೆಯ ಮಾತು ಕಂಡರೆ ನನಗೆ ಮೊದಲು ಹುಟ್ಟುತ್ತಿದ್ದದ್ದು ಅನುಮಾನ. ಅದನ್ನು ನಾನು ನನ್ನ ಯೋಗ್ಯತೆ ಎಂದೇ ತಿಳಿದಿದ್ದೆ.

ಆ ಬೇಸಿಗೆಯಲ್ಲಿ ಯಾದಗಿರಿ ತಾಲ್ಲೂಕಿನ ಕೊಂಕಲ್‌ನಿಂದ ಒಂದು ಅರ್ಜಿ ಬಂತು. ಅರ್ಜಿದಾರಳು ನೀಲಮ್ಮ, ವಯಸ್ಸು ಇಪ್ಪತ್ತು, ವಿಧವೆ. ಹೆಸರು ಓದಿದೊಡನೆ ಗುರುತು ಹತ್ತಿತು. ಸುರಪುರದಲ್ಲಿ ನನಗಿಂತ ಹಿರಿಯರಾಗಿ ಕೆಲಸ ಮಾಡಿ ತೀರಿಹೋಗಿದ್ದ ಮಾಸ್ತರರೊಬ್ಬರ ಮಗಳು ಆಕೆ. ತಂದೆ ಆಕೆಗೆ ಮನೆಯಲ್ಲೇ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಕಲಿಸಿದ್ದರು. ಕೊಂಕಲ್‌ನ ಸಿದ್ರಾಮಪ್ಪಗೌಡರ ಹಿರಿಯ ಮಗನಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ಆ ಮೇಲೆ ಆಕೆ ಖಾಸಗಿಯಾಗಿ ಕಟ್ಟಿ ಮೆಟ್ರಿಕ್ ಪಾಸು ಮಾಡಿದ್ದಳು. ಅಲ್ಲಿಯವರೆಗೆ ಎಲ್ಲವೂ ಸರಿ.

ಸರಿ ಇಲ್ಲದ್ದು ಅರ್ಜಿ ಹಾಕಿಸಿದವರು. ಅರ್ಜಿಯ ಕೆಳಗೆ ಪೋಷಕ ಎಂದು ಸಹಿ ಮಾಡಿದ್ದವರು ಮಾವ ಸಿದ್ರಾಮಪ್ಪಗೌಡರೇ. ವಿಧವೆ ಸೊಸೆಯನ್ನು ಮನೆಯ ಹೊಸ್ತಿಲು ದಾಟಿಸಲು ಹತ್ತು ಸಲ ಯೋಚಿಸುವ ಕಾಲ ಅದು. ಗೌಡರು ಆಕೆಯನ್ನು ಮದ್ರಾಸ್ ಪ್ರಾಂತ್ಯದ ಒಂದು ಮಿಷನ್ ಸಂಸ್ಥೆಗೆ ಡಾಕ್ಟರ್ ಕಲಿಯಲು ಕಳಿಸುತ್ತೇನೆ, ವಿಶೇಷ ಮಂಜೂರಿ ಕೊಟ್ಟು ವಜೀಫಾ ಕೊಡಿ, ಮಿಕ್ಕ ಖರ್ಚು ನನ್ನದು ಎಂದು ಬರೆಸಿದ್ದರು. ಊರಿನ ಬಾವಿಗೆ ಹೊಸ ಹಗ್ಗ ಹಾಕಿಸಲು ಹಿಂದೆಮುಂದೆ ನೋಡುವವರೆಂದು ಗೌಡರಿಗೆ ಹೆಸರಿತ್ತು. ಅಂಥವರು ಎಲ್ಲ ಕಾಲೇಜುಗಳಿಗಿಂತ ದುಬಾರಿಯದನ್ನೇ ಯಾಕೆ ಆರಿಸಿದರು ಎಂಬುದು ನನಗೆ ಬಗೆಹರಿಯಲಿಲ್ಲ.

ನಾನು ಮೊದಲು ಕಾಲೇಜುಗಳಿಗೆ ಪತ್ರ ಬರೆದೆ. ಮೆಟ್ರಿಕ್ ಆದ ಹೆಣ್ಣುಮಗಳು ನಮ್ಮ ಕಡೆಯಿಂದ ಹೋಗಬಹುದಾದ ಜಾಗಗಳು ಮೂರೇ. ಒಂದು ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜು. ಪಾಠ ಉರ್ದುವಿನಲ್ಲಿ, ಫೀಸು ಕಡಿಮೆ, ಹಾಸ್ಟೆಲು ಕಟ್ಟುನಿಟ್ಟಿನದು. ಇನ್ನೊಂದು ಧಾರವಾಡದ ಕಾಲೇಜು. ನಮ್ಮ ಮಾತಿನ ಊರು, ಪಾಠ ಇಂಗ್ಲಿಷಿನಲ್ಲಿ, ಆದರೆ ನಿಜಾಮರ ಗಡಿಯಾಚೆ. ಮೂರನೆಯದು ಗೌಡರು ಹೇಳಿದ ಡಾಕ್ಟರ್ ಕಾಲೇಜು. ಗಡಿಯಾಚೆಯ ಎರಡಕ್ಕೂ ಹಣ ಕಲ್ದಾರಿನಲ್ಲಿ ಕಟ್ಟಬೇಕು. ಕಲ್ದಾರ್ ಎಂದರೆ ಬ್ರಿಟಿಷ್ ರೂಪಾಯಿ. ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ಏಳು ಕೊಟ್ಟರೆ ಅದು ಸುಮಾರು ಆರು ಸಿಗುತ್ತಿತ್ತು. ಹೀಗಾಗಿ ಕಾಲೇಜಿನ ಪುಸ್ತಕದಲ್ಲಿ ಬರೆದ ಫೀಸೇ ಬೇರೆ, ನಮ್ಮ ಕೈಯಿಂದ ಹೋಗುವ ಹಣವೇ ಬೇರೆ.

ಉತ್ತರಗಳು ಬಂದ ಮೇಲೆ ಒಂದು ಭಾನುವಾರ ಕುಳಿತು ಮೂರನ್ನೂ ಹಾಲಿ ಸಿಕ್ಕಾಕ್ಕೆ ಇಳಿಸಿ ಒಟ್ಟು ಹಾಕಿದೆ. ಡಾಕ್ಟರ್ ಕಾಲೇಜು ಧಾರವಾಡದ ಎರಡರಷ್ಟು, ಹೈದರಾಬಾದಿನ ನಾಲ್ಕರಷ್ಟು ಬಂತು. ಒಟ್ಟು ಮೊತ್ತ ನೋಡಿ ಏನೂ ಹೊಳೆಯಲಿಲ್ಲ. ಆಮೇಲೆ, ಗಣಿತದ ಮಾಸ್ತರನ ಚಟ, ವರ್ಷಕ್ಕೊಂದು ಸಾಲಿನಂತೆ ಬೇರೆ ಬೇರೆ ಬರೆದೆ. ಆಗ ಕಂಡಿತು. ಡಾಕ್ಟರ್ ಕಾಲೇಜಿನ ಮೊದಲ ವರ್ಷದ ಫೀಸು ಧಾರವಾಡದ್ದಕ್ಕಿಂತ ಕಡಿಮೆ ಇತ್ತು. ಆಸ್ಪತ್ರೆಯ ಕಲಿಕೆ ಶುರುವಾಗುವ ಮೂರನೆಯ ವರ್ಷದಿಂದ ಅದು ಮೂರು ಪಟ್ಟಾಗುತ್ತಿತ್ತು. ಇನ್ನೂ ಒಂದು ವ್ಯತ್ಯಾಸವಿತ್ತು. ಹೈದರಾಬಾದಿನಲ್ಲಾಗಲಿ ಧಾರವಾಡದಲ್ಲಾಗಲಿ ಎರಡು ವರ್ಷಕ್ಕೆ ಇಂಟರ್‌ಮೀಡಿಯೆಟ್ ಪರೀಕ್ಷೆ ಇರುತ್ತದೆ, ಅದು ಪಾಸಾದರೆ ಅದಕ್ಕೊಂದು ಬೆಲೆ ಇದೆ. ಡಾಕ್ಟರ್ ಕಾಲೇಜಿನಲ್ಲಿ ಕೊನೆಯವರೆಗೆ ಓದಿದರೆ ಡಾಕ್ಟರ್. ನಡುವೆ ಬಿಟ್ಟರೆ ಮೆಟ್ರಿಕ್ ಪಾಸಾದ ವಿಧವೆಯೇ.

ಸೊಸೆಯನ್ನು ಮನೆಯಿಂದ ಸಾಗಹಾಕಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಒಂದು ವರ್ಷ, ಬಹಳವಾದರೆ ಎರಡು ವರ್ಷ ಕಟ್ಟಿ ಕೈ ತೊಳೆದುಕೊಂಡರೂ, ಸೊಸೆಯನ್ನು ಡಾಕ್ಟರ್ ಓದಿಸಲು ಹೊರಟಿದ್ದ ಹೆಸರು ಗೌಡರಿಗೆ ಉಳಿಯುತ್ತಿತ್ತು. ಆದರೆ ಸಾಗಹಾಕುವುದು ಯಾಕೆ?

ಅದರ ಉತ್ತರ ಯಾದಗಿರಿ ತಾಲ್ಲೂಕು ಕಚೇರಿಯ ಮುಂದೆ ಸಿಕ್ಕಿತು. ಅಲ್ಲಿ ಬೇವಿನ ಮರದ ಕೆಳಗೆ ಖಾದರ್ ಸಾಬ್ ಎಂಬ ಅರ್ಜಿ ಬರೆಯುವವರು ಕೂಡುತ್ತಿದ್ದರು. ಗೌಡರ ವಜೀಫಾ ಅರ್ಜಿ ಬರೆದವರೂ ಅವರೇ. ಅಕ್ಷರ ಗುರುತಿಸಿ ವಿಚಾರಿಸಿದೆ. ಅವರು ಲೇಖನಿ ಕೆಳಗಿಟ್ಟು ಹೇಳಿದರು: “ಅರ್ಜಿ ಬರಸಿದ ದಿನಾನೇ ಗೌಡ್ರು ಇನ್ನೊಂದು ಕಾಗದಾನೂ ಬರಸ್ಯಾರ, ಮಾಸ್ತರ್. ಸೊಸಿ ಹೆಸರಿಲೆ ಫಾರಖತ್. ಓದಸೋರಿಗೆ ಫಾರಖತ್ ಯಾಕ ಬೇಕ್ರಿ?”

ಫಾರಖತ್ ಎಂದರೆ ಹಕ್ಕು ಬಿಟ್ಟುಕೊಟ್ಟ ಪತ್ರ. ಮಗ ಸತ್ತಾಗ ಊರ ಹಿರಿಯರು ಕೂಡಿ, ನೀಲಮ್ಮ ಬದುಕಿರುವ ತನಕ ಆಕೆಯ ಅನ್ನ ಬಟ್ಟೆಗೆಂದು ನಾಲ್ಕು ಹೊಲ ಬರೆಸಿಕೊಟ್ಟಿದ್ದರು. ನಾಲ್ಕೂ ಕಪ್ಪು ಎರೆಯ ಜೋಳದ ಹೊಲಗಳು. ಆಕೆ ಫಾರಖತ್‌ಗೆ ಸಹಿ ಮಾಡಿದರೆ ಅವು ಗೌಡರ ಕಿರಿಯ ಮಗನ ಪಾಲಾಗುತ್ತಿದ್ದವು. ನಾನು ಎಣಿಸಿದ್ದಕ್ಕೆ ಈಗ ಕಾಗದದ ಆಧಾರವೇ ಸಿಕ್ಕಂತಾಯಿತು. ಆ ಸಂಜೆ ಶಹಾಪುರದ ಬಸ್ಸಿನಲ್ಲಿ ಕುಳಿತಾಗ ನನ್ನ ವರದಿ ಮನಸ್ಸಿನಲ್ಲೇ ಸಿದ್ಧವಾಗಿತ್ತು: ಪೋಷಕನ ಉದ್ದೇಶ ಸಂದೇಹಾಸ್ಪದ, ಅರ್ಜಿಯನ್ನು ತಿರಸ್ಕರಿಸಬಹುದು. ಹಿರಿಯ ಸಹೋದ್ಯೋಗಿಯ ಮಗಳನ್ನು ಮೋಸದಿಂದ ಉಳಿಸಿದೆ ಎಂಬ ಸಮಾಧಾನವೂ ಇತ್ತು.

ವರದಿ ಬರೆಯುವ ಮುನ್ನ ಅರ್ಜಿದಾರರ ಮನೆ ನೋಡಿ ಬರಬೇಕೆಂಬ ನಿಯಮವಿದ್ದದ್ದರಿಂದ ಕೊಂಕಲ್‌ಗೆ ಹೋದೆ. ಆ ನಿಯಮ ಇಲ್ಲದಿದ್ದರೆ ಹೋಗುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಗೌಡರು ಎತ್ತರದ ಆಳು, ಮಾತು ಕಡಿಮೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಜಮೀನಿನ ವಿಚಾರ ಕೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಡಾಕ್ಟರ್ ಕಾಲೇಜೇ ಯಾಕೆ ಎಂದೆ. ಮಗ ಜ್ವರ ಬಿದ್ದಾಗ ಸುತ್ತಮುತ್ತ ಒಬ್ಬ ಡಾಕ್ಟರೂ ಸಿಗಲಿಲ್ಲ ಎಂದರು. ಹೇಳುವಾಗ ಅವರ ದನಿ ಸ್ವಲ್ಪ ಬಿದ್ದಿತು. ಅದನ್ನೂ ನಾನು ನಟನೆಯ ಕಡೆಗೇ ಹಾಕಿಕೊಂಡೆ. ಫಾರಖತ್ ವಿಷಯ ಎತ್ತಲಿಲ್ಲ. ಅರ್ಜಿದಾರಳನ್ನು ಒಬ್ಬಳನ್ನೇ ವಿಚಾರಿಸಬೇಕೆಂದು ಸರ್ಕಾರದ ಹುಕುಂ ಇದೆ ಎಂದೆ. ಅಂಥ ಹುಕುಂ ಯಾವುದೂ ಇರಲಿಲ್ಲ. ಗೌಡರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ದನದ ಕೊಟ್ಟಿಗೆಯ ಕಡೆ ಹೋದರು.

ನೀಲಮ್ಮ ಬಂದು ಕಂಬದ ಪಕ್ಕ ಕುಳಿತಳು. ತಂದೆಯ ಸ್ನೇಹಿತನೆಂದು ನನ್ನನ್ನು ಕಾಕಾ ಎಂದೇ ಕರೆದಳು. ನಾನು ದನಿ ತಗ್ಗಿಸಿ, ನಿನಗೆ ಗೊತ್ತಿಲ್ಲದ ಒಂದು ಕಾಗದವಿದೆ ಎಂದು ಶುರು ಮಾಡಿದೆ. ಆಕೆ ನಡುವೆಯೇ ತಡೆದಳು.

“ಫಾರಖತ್ ಅಲ್ರಿ, ಕಾಕಾ? ಅದು ನನಗ ಗೊತ್ತದ. ನಾನೇ ಒಪ್ಪೀನಿ.”

ಆಕೆ ನಿಧಾನವಾಗಿ ವಿವರಿಸಿದಳು. ನಾಲ್ಕು ಹೊಲ ಆಕೆಯ ಹೆಸರಿನಲ್ಲಿದ್ದರೂ ಬಿತ್ತುವವರು, ಬೆಳೆಯುವವರು, ಮಾರುವವರು ಮಾವನ ಮನೆಯವರೇ. ಆಕೆಗೆ ಬರುವುದು ಎರಡು ಹೊತ್ತಿನ ರೊಟ್ಟಿ, ವರ್ಷಕ್ಕೆರಡು ಸೀರೆ. ಮಾವ ಹೋದ ಮೇಲೆ ಮೈದುನನ ಕೈಯಲ್ಲಿ ಅದಾದರೂ ಬರುತ್ತದೆಂಬ ನಂಬಿಕೆ ಇಲ್ಲ. ಆದ್ದರಿಂದ ಆಕೆಯೇ ಮಾವನಿಗೆ ಹೇಳಿದ್ದಳು: ಓದಿಸಿರಿ, ಹೊಲ ಬಿಟ್ಟುಕೊಡುತ್ತೇನೆ. ಗೌಡರು ಒಂದು ತಿಂಗಳು ಯೋಚಿಸಿ ಒಪ್ಪಿದ್ದರು. ಡಾಕ್ಟರ್ ಆಗಲಿ ಎಂದದ್ದು ಗೌಡರ ಮಾತು. ಅಲ್ಲಿಯ ಫೀಸಿನ ಪಟ್ಟಿ ಇಂಗ್ಲಿಷಿನಲ್ಲಿತ್ತು, ಅದನ್ನು ಅವರಿಗೆ ಓದಿ ಹೇಳಿದವಳು ನೀಲಮ್ಮನೇ.

“ಮೂರನೇ ವರ್ಷದ ಫೀಸು ನೋಡೀಯೇನು?” ಎಂದೆ.

“ನೋಡೀನಿ. ಅದಕ್ಕ ನಿಮ್ಮನ್ನ ಕಾಯಾಕತ್ತಿದ್ದೆ. ಮಾವ ಕೊಟ್ಟ ಮಾತು ಅಷ್ಟು ದೂರ ಬರ್ತದೋ ಇಲ್ಲೋ ನನಗ ಗೊತ್ತಿಲ್ಲ. ಬರಲಾರದು ಅಂತನೇ ಹಿಡೀರಿ. ನಡುವ ರೊಕ್ಕ ನಿಂತ್ರ ನನ್ನ ಕೈಯಾಗ ಏನರ ಉಳಿಯೋ ಕಾಲೇಜು ಯಾವುದು, ಅದನ್ನ ಹೇಳ್ರಿ.”

ಹದಿನೈದು ದಿನ ನಾನು ಲೆಕ್ಕ ಹಾಕಿದ್ದೆ. ಆದರೆ ನನ್ನ ಪ್ರಶ್ನೆ ಗೌಡರು ಯಾಕೆ ಹೀಗೆ ಮಾಡುತ್ತಿದ್ದಾರೆ ಎಂಬುದಾಗಿತ್ತು. ಆಕೆಯ ಪ್ರಶ್ನೆ, ಅವರು ಹೇಗಿದ್ದರೂ ನಾನೇನು ಮಾಡಲಿ ಎಂಬುದು. ನಾನು ಚೀಲದಿಂದ ಹಾಳೆ ತೆಗೆದು ಇಬ್ಬರ ನಡುವೆ ಹರಡಿದೆ.

ಡಾಕ್ಟರ್ ಕಾಲೇಜನ್ನು ಆಕೆಯೇ ಮೊದಲು ಹೊಡೆದು ಹಾಕಿದಳು. ಆಸೆಯಿಲ್ಲದೆ ಅಲ್ಲ, ಹೊಡೆದ ಮೇಲೂ ಬೆರಳು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಉಳಿದ ಎರಡರಲ್ಲಿ ನಾನು ಧಾರವಾಡದ ಪರವಾಗಿ ಮಾತನಾಡಿದೆ. ಹೈದರಾಬಾದಿನ ಪದವಿಯನ್ನು ಗಡಿಯಾಚೆ ಕೆಲವರು ಅನುಮಾನದಿಂದ ನೋಡುತ್ತಿದ್ದರು, ನನಗೇ ಅದರ ಅನುಭವವಿತ್ತು. ಧಾರವಾಡದಲ್ಲಿ ಸುತ್ತಲೂ ಕನ್ನಡ, ಪುಸ್ತಕ, ಸಭೆ, ಗೆಳತಿಯರು. ಆಕೆ ಎಲ್ಲವನ್ನೂ ಕೇಳಿದಳು. ಆಮೇಲೆ ಹೇಳಿದಳು: “ಧಾರವಾಡ ಛಲೋ ಅದ, ಕಾಕಾ. ಆದ್ರ ಅಲ್ಲಿ ಮಾವನ ರೊಕ್ಕ ನಿಂತ ದಿನ ನಾನೂ ನಿಲ್ಲತೀನಿ. ಹೈದರಾಬಾದಿನಾಗ ವಜೀಫಾ ಅರ್ಧ ಹೊರತದ. ನೌಕರಿ ಕೊಡೋದೂ ಈ ಸರ್ಕಾರನೇ ಅಲ್ಲೇನ್ರಿ?”

ಇನ್ನು ಫಾರಖತ್. ಸಹಿ ಮೊದಲಾದರೆ ಹಣ ನಿಲ್ಲಬಹುದೆಂದು ಆಕೆಗೆ ಭಯ. ಓದು ಮೊದಲಾದರೆ ಸೊಸೆ ಪಟ್ಟಣ ಸೇರಿ ಸಹಿ ಮಾಡದೆ ಹೋಗಬಹುದೆಂದು ಗೌಡರಿಗೆ ಭಯ. ಇದಕ್ಕೂ ಆಕೆ ಉಪಾಯ ಹುಡುಕಿಟ್ಟಿದ್ದಳು. ಬಿ.ಎ. ಓದು ನಾಲ್ಕು ವರ್ಷ, ಹೊಲಗಳೂ ನಾಲ್ಕು. ಒಂದೇ ಫಾರಖತ್ ಬೇಡ, ನಾಲ್ಕು ಬೇರೆ ಬೇರೆ ಇರಲಿ. ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಕಟ್ಟಿದ ರಸೀತಿ ಕೈಗೆ ಬಂದ ಮೇಲೆ ಒಂದು ಹೊಲದ ಕಾಗದಕ್ಕೆ ಸಹಿ. ರಸೀತಿ ಬರದ ವರ್ಷ ಸಹಿಯೂ ಇಲ್ಲ.

ಗೌಡರನ್ನು ಕರೆಸಿದೆ. ನೀಲಮ್ಮ ಎದ್ದು ಒಳಬಾಗಿಲ ಮರೆಗೆ ಹೋಗಿ ನಿಂತಳು. ನಾನು ಹೇಳುವಷ್ಟನ್ನೂ ಅವರು ನಿಂತೇ ಕೇಳಿದರು. ಡಾಕ್ಟರ್ ಓದು ಬೇಡವೆಂದದ್ದಕ್ಕೆ ಅವರ ಮುಖ ಸಣ್ಣದಾಯಿತು. ನಾಲ್ಕು ಕಾಗದದ ಮಾತು ಬಂದಾಗ ಸೊಸೆ ನಿಂತ ಕಡೆ ನೋಡದೆ ನನ್ನನ್ನೇ ನೋಡಿ ಕೇಳಿದರು: “ಅಂದ್ರ ಆಕಿ ನನ್ನ ನಂಬಂಗಿಲ್ಲ?”

ಒಳಬಾಗಿಲ ಮರೆಯಿಂದ ನೀಲಮ್ಮ ಉತ್ತರಿಸಿದಳು: “ನೀವು ನನ್ನ ನಂಬಿದ್ರ ಫಾರಖತ್ ಯಾಕ ಬರಸ್ತಿದ್ರಿ, ಮಾವ?”

ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವವರ ದನಿ ಇತ್ತು. ಗೌಡರು ಕೊನೆಗೆ ಖಾದರ್ ಸಾಬರ ಕಡೆಯಿಂದ ಹಳೆಯ ಕಾಗದ ತಂದು ಹರಿಯುತ್ತೇನೆ, ಹೊಸವು ಬರೆಸುತ್ತೇನೆ ಎಂದರು. ನನಗೆ ಊಟಕ್ಕೆ ಏಳಿರಿ ಎಂದರು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಬಂದೆ.

ವರದಿಯಲ್ಲಿ ಎಲ್ಲವನ್ನೂ ಇದ್ದಂತೆ ಬರೆದೆ. ಹೊಲ, ಫಾರಖತ್, ಒಪ್ಪಂದ ಯಾವುದನ್ನೂ ಬಿಡಲಿಲ್ಲ. ಮಾವನ ಬೆಂಬಲ ಕೊನೆಯವರೆಗೆ ಇರುವುದೆಂಬ ಭರವಸೆ ಇಲ್ಲದ ಕಾರಣಕ್ಕೇ ಹೈದರಾಬಾದಿನ ಓದಿಗೆ ವಜೀಫಾ ಅಗತ್ಯ ಎಂದು ಶಿಫಾರಸು ಮಾಡಿದೆ. ನಾಜಿರ್ ಸಾಹೇಬರು ನನ್ನನ್ನು ಗುಲಬರ್ಗಾಕ್ಕೆ ಕರೆಸಿದರು. ಕೊಂಕಲ್‌ನಲ್ಲಿ ಎಷ್ಟು ಹೊತ್ತು ಇದ್ದೆ, ಯಾರ ಮನೆಯಲ್ಲಿ ಉಂಡೆ, ಗೌಡರಿಗೂ ನನಗೂ ಹಿಂದಿನ ಪರಿಚಯವೇನು ಎಂದು ಕೇಳಿದರು. ಇಷ್ಟೆಲ್ಲ ಗೊತ್ತಿದ್ದೂ ಶಿಫಾರಸು ಮಾಡಿದವನು ಏನೋ ತೆಗೆದುಕೊಂಡಿರಬೇಕು ಎಂಬುದು ಅವರ ಎಣಿಕೆ. ಮೂರು ವಾರ ಕಡತ ತಡೆಹಿಡಿದು, ಯಾದಗಿರಿ ಕಚೇರಿಯಿಂದ ನನ್ನ ಮೇಲೆಯೇ ಗುಟ್ಟಾಗಿ ವಿಚಾರಣೆ ನಡೆಸಿದರು. ಖಾದರ್ ಸಾಬರಿಂದ ಅದು ನನಗೆ ತಿಳಿಯಿತು. ಅನುಮಾನಿಸುವವನ ಜಾಗದಲ್ಲಿ ಮೂರು ವರ್ಷ ಕುಳಿತಿದ್ದ ನನಗೆ, ಅನುಮಾನಕ್ಕೆ ಗುರಿಯಾದವನ ನಿದ್ದೆ ಹೇಗಿರುತ್ತದೆಂದು ಆ ಮೂರು ವಾರದಲ್ಲಿ ಗೊತ್ತಾಯಿತು. ಕೊನೆಗೆ ಮಂಜೂರಾಯಿತು.

ನೀಲಮ್ಮ ಹೈದರಾಬಾದಿಗೆ ಹೋದಳು. ಮೊದಲ ವರ್ಷದ ರಸೀತಿ ಬಂತು, ಒಂದು ಹೊಲ ಹೋಯಿತು. ಎರಡನೆಯ ವರ್ಷವೂ ಹಾಗೇ. ಇಂಟರ್‌ಮೀಡಿಯೆಟ್ ಪರೀಕ್ಷೆ ಮುಗಿಸಿ ತಾಯಿಯ ಮನೆಗೆಂದು ಸುರಪುರಕ್ಕೆ ಬಂದಳು. ಅದು ೧೯೪೮ರ ಬೇಸಿಗೆ. ಸಂಸ್ಥಾನದ ಕೊನೆಯ ಗಲಾಟೆಯ ದಿನಗಳು. ಜನ ಊರು ಬಿಟ್ಟು ಗಡಿಯಾಚೆ ಹೋಗುತ್ತಿದ್ದರು, ಗೌಡರ ಮನೆಗೂ ಬೀಗ ಬಿತ್ತೆಂದು ಕೇಳಿದೆ. ಮೂರನೆಯ ವರ್ಷದ ಹಣ ಬರಲಿಲ್ಲ. ಆಕೆ ಹಾಸ್ಟೆಲಿಗೆ ಮರಳಲಿಲ್ಲ.

ಸಂಸ್ಥಾನ ವಿಲೀನವಾದ ಮೇಲೆ ಯಾದಗಿರಿಯ ಹೆಣ್ಣುಮಕ್ಕಳ ಶಾಲೆಗೆ ಕನ್ನಡ, ಉರ್ದು ಎರಡೂ ಬಲ್ಲ ಉಪಾಧ್ಯಾಯಿನಿ ಬೇಕಾಗಿದ್ದರು. ಇಂಟರ್‌ಮೀಡಿಯೆಟ್ ಪಾಸಾದ ಹೆಣ್ಣುಮಗಳು ಮೂರು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ನೀಲಮ್ಮನಿಗೆ ಕೆಲಸವಾಯಿತು. ಮುಂದೆ ಕೆಲಸದಲ್ಲಿದ್ದುಕೊಂಡೇ ಬಿ.ಎ. ಕಟ್ಟಿ ಪಾಸಾದಳು. ಉಳಿದ ಎರಡು ಹೊಲವನ್ನು ತಾನೇ ಪಾಲಿಗೆ ಕೊಟ್ಟು ಮಾಡಿಸತೊಡಗಿದಳು.

ಕೆಲವು ವರ್ಷಗಳ ನಂತರ ಯಾದಗಿರಿ ಸ್ಟೇಷನ್ನಿನಲ್ಲಿ ಸಿದ್ರಾಮಪ್ಪಗೌಡರು ಸಿಕ್ಕರು. ವಯಸ್ಸು ಬಾಗಿಸಿತ್ತು. ಕುಶಲ ಕೇಳಿದ ಮೇಲೆ ತಾವಾಗಿಯೇ ಹೇಳಿದರು: “ಮೂರನೇ ವರ್ಷದ ರೊಕ್ಕ ನಾ ತೆಗೆದಿಟ್ಟಿದ್ದೆ, ಮಾಸ್ತರ್. ಊರೇ ಓಡೋ ಹೊತ್ತಿನಾಗ ಯಾರ ಕೈಲಿ ಕಳಸಬೇಕಿತ್ತು? ಆಮ್ಯಾಲ ಆಕಿ ಕೇಳಲೇ ಇಲ್ಲ.”

ನಾನು ನಂಬಲೂ ಇಲ್ಲ, ನಂಬದಿರಲೂ ಇಲ್ಲ. ಮುಂದಿನ ವಾರ ನೀಲಮ್ಮನ ಶಾಲೆಗೆ ಹೋಗಿದ್ದಾಗ ಈ ಮಾತು ತೆಗೆದೆ. ಆಕೆ ಹಾಜರಿ ಪುಸ್ತಕದಿಂದ ತಲೆ ಎತ್ತಿ ಒಂದಿಷ್ಟು ನಕ್ಕಳು.

“ಖರೇ ಅದ, ಕಾಕಾ. ಕೇಳಿದ್ರ ಕೊಡ್ತಿದ್ರು ಅಂತ ಕಾಣ್ತದ. ಆದ್ರ ಕೇಳಿದ್ರ ಇನ್ನೊಂದು ಹೊಲ ಹೋಗ್ತಿತ್ತಲ್ರಿ. ಅಷ್ಟೊತ್ತಿಗೆ ನನಗ ನೌಕರಿ ಸಿಕ್ಕಿತ್ತು.”

ಸಿದ್ರಾಮಪ್ಪಗೌಡರು ಮೋಸ ಮಾಡಲು ಹೊರಟಿದ್ದರೋ, ಮಗನನ್ನು ಕಳೆದುಕೊಂಡು ನಿಜಕ್ಕೂ ಮನೆಗೊಬ್ಬ ಡಾಕ್ಟರ್ ಬೇಕೆಂದಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡೂ ಒಂದೇ ಮನುಷ್ಯನಲ್ಲಿ ಇದ್ದಿರಬಹುದು. ಮೂವತ್ತು ವರ್ಷಕ್ಕೂ ಮೀರಿ ಮಾಡಿದ ಕೆಲಸದಲ್ಲಿ ಇಂಥ ಎಷ್ಟೋ ಪ್ರಶ್ನೆಗಳು ಬಗೆಹರಿಯದೆ ಉಳಿದವು. ಆದರೆ ನನ್ನದೇ ತಪ್ಪು ಎಲ್ಲಿತ್ತೆಂಬುದು ಮಾತ್ರ ಸ್ಪಷ್ಟವಾಗಿ ಕಂಡಿತ್ತು. ಕಾಲೇಜುಗಳನ್ನು ವಿಚಾರಿಸಿದೆ, ಮಾವನನ್ನು ವಿಚಾರಿಸಿದೆ, ಕಚೇರಿ ಮುಂದಿನ ಬರಹಗಾರರನ್ನೂ ವಿಚಾರಿಸಿದೆ. ಓದಬೇಕಾದವಳನ್ನು ಕೊನೆಗೆ ವಿಚಾರಿಸಿದೆ, ಅದೂ ಆಕೆಗೆ ಏನೂ ತಿಳಿಯದೆಂದುಕೊಂಡು. ವಜೀಫಾ ನಮೂನೆಯಲ್ಲಿ ಪೋಷಕನ ಹೆಸರು, ಜಮೀನು, ಆದಾಯ, ಸಹಿ ಎಲ್ಲಕ್ಕೂ ಜಾಗವಿತ್ತು. ಓದುವವರ ಮಾತಿಗೆ ಒಂದು ಗೆರೆಯಷ್ಟೂ ಇರಲಿಲ್ಲ.

ಅಲ್ಲಿಂದ ಮುಂದೆ ನನ್ನ ಪ್ರತಿ ವರದಿಯ ಮೊದಲ ಪುಟದಲ್ಲಿ, ಯಾರೂ ಕೇಳದಿದ್ದರೂ, ಅರ್ಜಿದಾರರು ಹೇಳಿದ ಮಾತನ್ನು ಅವರದೇ ಮಾತಿನಲ್ಲಿ ಬರೆಯತೊಡಗಿದೆ. ಮೇಲಿನವರು ಎರಡು ಸಲ ಇದು ನಮೂನೆಯಲ್ಲಿಲ್ಲ ಎಂದು ವಾಪಸು ಕಳಿಸಿದರು. ನಾನು ಎರಡು ಸಲವೂ ಹಾಗೇ ಬರೆದು ಮತ್ತೆ ಕಳಿಸಿದೆ. ಮೂರನೆಯ ಸಲ ಅದು ವಾಪಸು ಬರಲಿಲ್ಲ.